ಸಿಟ್ಟನ್ನು ಯಾವ ಕೌಂಟರಿನಲ್ಲಿ ಕಟ್ಟುವುದು?

ನನಗೆ ಬರುವ ಪಿಂಚಣಿಯಲ್ಲಿ ನಿಮ್ಮ ಮನೆಯ ಕರೆಂಟ್ ಬಿಲ್ಲಿನ ದುಡ್ಡೂ ಇದೆ. ಇದೇನೂ ಗುಟ್ಟಿನ ಮಾತಲ್ಲ, ಬಿಲ್ಲಿನ ಮೇಲೇ ಅಚ್ಚಾಗಿ ಬರುತ್ತದೆ. ವಿದ್ಯುತ್ ಪ್ರಸರಣ ನಿಗಮ (ಕೆಪಿಟಿಸಿಎಲ್) ಮತ್ತು ವಿದ್ಯುತ್ ಸರಬರಾಜು ಕಂಪನಿಗಳ (ಎಸ್ಕಾಂ) ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು 2025ರ ಏಪ್ರಿಲ್ 1ರಿಂದ ಯೂನಿಟ್ಟಿಗೆ 36 ಪೈಸೆ ವಸೂಲು ಮಾಡಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಒಪ್ಪಿಗೆ ಕೊಟ್ಟಿತು. ಎರಡನೇ ವರ್ಷ 35 ಪೈಸೆ, ಮೂರನೇ ವರ್ಷ 34. ನಾನು ಹಳೆಯ ವಿದ್ಯುಚ್ಛಕ್ತಿ ಮಂಡಳಿ (ಕೆಇಬಿ) ಇದ್ದಾಗ ಗುಮಾಸ್ತೆಯಾಗಿ ಸೇರಿ, ಅದು ಕೆಪಿಟಿಸಿಎಲ್ ಆಗಿದ್ದನ್ನು ನೋಡಿ, ಬೆಸ್ಕಾಂ ಹೆಸರಿನಲ್ಲಿ ನಿವೃತ್ತಳಾದವಳು. ಊರು ದಾವಣಗೆರೆ.

ಎದುರುಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಜವಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ಆ ವರ್ಷದ ಬೇಸಿಗೆಯಲ್ಲಿ ಬಿಲ್ಲು ಹಿಡಿದುಕೊಂಡೇ ಬಂದಳು. "ಆಂಟಿ, ಈ ತಿಂಗಳು ನಿಮ್ಮ ಪಿಂಚಣಿಗೆ ನಾನು ಎಪ್ಪತ್ತೈದು ರೂಪಾಯಿ ಕೊಟ್ಟೀನಿ. ಒಂದು ಚಾ ಆದ್ರೂ ಕುಡಿಸ್ರಿ" ಅಂದಳು. ತಮಾಷೆಯೇ, ಆದರೂ ಚುಚ್ಚಿತು. ಚಾ ಕುಡಿಸಿದೆ. ಕನ್ನಡಕ ಹಾಕಿಕೊಂಡು ಬಿಲ್ಲನ್ನೂ ಓದಿದೆ.

ಮಂಜೂರಾದ ಲೋಡು 3 ಕಿಲೋವ್ಯಾಟ್. ಬಳಸಿದ್ದು 210 ಯೂನಿಟ್. ನಿಗದಿತ ಶುಲ್ಕ ಕಿಲೋವ್ಯಾಟಿಗೆ 145ರಂತೆ 435 ರೂಪಾಯಿ. ಕರೆಂಟಿನ ಬೆಲೆ ಯೂನಿಟ್ಟಿಗೆ 5.80ರಂತೆ 1,218. ಅದರ ಮೇಲೆ ಸರ್ಕಾರದ ತೆರಿಗೆ ಶೇ 9, ಅಂದರೆ 109 ರೂಪಾಯಿ 62 ಪೈಸೆ. ನನ್ನಂಥವರ ಪಿಂಚಣಿಗೆ 75 ರೂಪಾಯಿ 60 ಪೈಸೆ. ತಿಂಗಳಿಗೊಮ್ಮೆ ಏರಿಳಿಯುವ ಇಂಧನ ಹೊಂದಾಣಿಕೆ ಶುಲ್ಕವನ್ನು ಪಕ್ಕಕ್ಕಿಟ್ಟರೂ 1,838 ರೂಪಾಯಿ. ಹಿಂದಿನ ತಿಂಗಳು ಅದೇ ಮನೆಯಲ್ಲಿ ಉರಿದದ್ದು 196 ಯೂನಿಟ್, ಬಿಲ್ಲು ಸೊನ್ನೆ. 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುವ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಆ ಮನೆಯ ಮಿತಿ 200ರ ಹತ್ತಿರಕ್ಕೇ ಇತ್ತು. ರಾತ್ರಿಯೆಲ್ಲ ಕೂಲರ್ ಓಡಿಸಿದ್ದಕ್ಕೆ ಗಡಿ ದಾಟಿತು, ದಾಟಿದ್ದಕ್ಕೆ ಪೂರ್ತಿ ಬಿಲ್ಲು ಬಂತು. ಹದಿನಾಲ್ಕು ಯೂನಿಟ್ ಹೆಚ್ಚಾದದ್ದಕ್ಕೆ ಸಾವಿರದ ಎಂಟುನೂರು ರೂಪಾಯಿ.

ಅವಳ ಸಿಟ್ಟೆಲ್ಲ ಆಯೋಗದ ಮೇಲೆ. "ಕೆಇಆರ್‌ಸಿಯವರಂತೆ ಆಂಟಿ, ಅವರು ಯಾರು, ಎಲ್ಲಿ ಕೂತಿರ್ತಾರೆ?"

ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಬಿಲ್ಲಿನ ಒಂದೊಂದು ಸಾಲಿನ ಹಿಂದೆ ಒಬ್ಬೊಬ್ಬರಿದ್ದಾರೆ. 200 ಯೂನಿಟ್ಟಿನ ಗಡಿ ಸರ್ಕಾರದ್ದು, ಶೇ 9ರ ತೆರಿಗೆಯೂ ಸರ್ಕಾರದ್ದು. ನಿಗದಿತ ಶುಲ್ಕ, ಯೂನಿಟ್ ದರ ಆಯೋಗದ್ದು. 36 ಪೈಸೆಯ ಕಥೆ ಇಬ್ಬರದ್ದೂ. ಇವರೆಲ್ಲರ ಪಾಲಿನ ಬೈಗುಳವನ್ನು ಒಂದೇ ಮನೆಯ ಬಾಗಿಲಿಗೆ ಸುರಿದರೆ ಉಳಿದವರು ಹಾಯಾಗಿರುತ್ತಾರೆ. ಕಳೆದ ಕೆಲವು ವರ್ಷಗಳಿಂದ ಆಗುತ್ತಿರುವುದೇ ಅದು.

ನಾನು ಕೌಂಟರಿನಲ್ಲಿ ಕೂರುತ್ತಿದ್ದ ಕಾಲದಲ್ಲಿ ಬೈಗುಳಕ್ಕೆ ವಿಳಾಸ ಹುಡುಕಬೇಕಿರಲಿಲ್ಲ. ಕಿಂಡಿಯೊಳಗೆ ಕೈ ತೂರಿಸಿ ಬಿಲ್ಲನ್ನು ನಮ್ಮ ಮುಂದೆ ಎಸೆಯುತ್ತಿದ್ದರು. ಮೀಟರ್ ರೀಡರ್ ಕಂಡರೆ ನಾಯಿ ಬಿಡುತ್ತಿದ್ದ ಮನೆಗಳೂ ಇದ್ದವು. ಫ್ಯೂಸ್ ಕೀಳಲು ಹೋದ ಲೈನ್‌ಮನ್‌ಗಂತೂ ಇಡೀ ಬೀದಿಯ ಪೂಜೆ. "ಮೇಲಿನವರು ಮಾಡಿದ್ದು ಸ್ವಾಮಿ" ಎಂಬುದಷ್ಟೇ ನಮ್ಮ ಹತ್ತಿರ ಇದ್ದ ಉತ್ತರ. ಮೇಲಿನವರೆಂದರೆ ವಿಧಾನಸೌಧ ಎಂದು ಎಲ್ಲರಿಗೂ ಗೊತ್ತಿತ್ತು. ಚುನಾವಣೆ ಹತ್ತಿರ ಬಂದರೆ ದರ ಮಿಸುಕುತ್ತಿರಲಿಲ್ಲ, ಮುಗಿದ ಮೇಲೆ ನೆಗೆಯುತ್ತಿತ್ತು. ಮಂಡಳಿ ನಷ್ಟದಲ್ಲಿ ಮುಳುಗುತ್ತಾ ಹೋಯಿತು.

ಇದನ್ನು ಸರಿಪಡಿಸಲೆಂದೇ 1999ರಲ್ಲಿ ವಿದ್ಯುಚ್ಛಕ್ತಿ ಸುಧಾರಣಾ ಕಾಯ್ದೆ ಬಂತು. ಕೆಇಬಿ ಹೋಗಿ ಕೆಪಿಟಿಸಿಎಲ್ ಆಯಿತು, ಅದೇ ವರ್ಷದ ನವೆಂಬರಿನಲ್ಲಿ ಆಯೋಗ ಹುಟ್ಟಿತು. 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳು ಬೇರೆ ಬೇರೆಯಾದವು. ಕಂಪನಿ ಲೆಕ್ಕ ಕೊಡಬೇಕು, ಜನ ಆಕ್ಷೇಪಿಸಬೇಕು, ಮಂತ್ರಿಯ ಕೈಗೆ ಸಿಗದ ಮೂವರು ಕೂತು ತೀರ್ಪು ಹೇಳಬೇಕು ಎಂಬುದು ಆ ಕಾಯ್ದೆಯ ಆಶಯ. ನನಗೆ ಆಗಲೂ ಅದು ಸರಿ ಕಂಡಿತ್ತು, ಈಗಲೂ ಸರಿ ಕಾಣುತ್ತದೆ. ಆಯೋಗವೇ ಬೇಡ, ದರವನ್ನು ಮತ್ತೆ ಸರ್ಕಾರವೇ ನಿಗದಿ ಮಾಡಲಿ ಎನ್ನುವವರು ಹಳೆಯ ಲೆಡ್ಜರುಗಳನ್ನು ಕಂಡವರಲ್ಲ.

ಆದರೆ ಅನುಕೂಲ ಇನ್ನೊಬ್ಬರಿಗೂ ಆಯಿತು. ಯಾರು ಆಳುತ್ತಿದ್ದರೂ ಬಿಲ್ಲು ಏರಿದಾಗ ಬೆರಳು ತೋರಿಸಲು ಒಂದು ಗೋಡೆ ಸಿಕ್ಕಿತು.

2023ನ್ನು ನೆನಪಿಸಿಕೊಳ್ಳಿ. ಮೇ 10ರಂದು ವಿಧಾನಸಭೆಗೆ ಮತದಾನ, 13ಕ್ಕೆ ಎಣಿಕೆ. ನಡುವೆ, 12ನೇ ತಾರೀಖು, ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಕೆಯ ಆದೇಶ ಹೊರಬಿತ್ತು. ಅದೂ ಏಪ್ರಿಲ್ 1ರಿಂದಲೇ ಅನ್ವಯ. ಹೋಗುವ ಸರ್ಕಾರಕ್ಕೆ ಉತ್ತರ ಹೇಳುವ ಹೊತ್ತು ಇರಲಿಲ್ಲ, ಬರುವ ಸರ್ಕಾರಕ್ಕೆ ಹೇಳುವ ಹೊಣೆ ಇರಲಿಲ್ಲ. ಜೂನ್ ಬಿಲ್ಲಿನಲ್ಲಿ ಹೊಸ ದರ, ಏಪ್ರಿಲ್ ತಿಂಗಳ ಬಾಕಿ, ಇಂಧನ ಹೊಂದಾಣಿಕೆ ಶುಲ್ಕ ಮೂರೂ ಒಟ್ಟಿಗೆ ಬಂದು ಕೂತವು. ಜನ ಬೆಚ್ಚಿಬಿದ್ದರು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯ ಕರೆಯ ಮೇಲೆ ಜೂನ್ 22ರಂದು ವ್ಯಾಪಾರಿಗಳು, ಉದ್ಯಮಿಗಳು ಬಂದ್ ಮಾಡಿದರು. ನೇಕಾರರು ಬೀದಿಗಿಳಿದರು. ಹೊಸ ಸರ್ಕಾರ ಹೇಳಿದ್ದು ಒಂದೇ ಮಾತು: ನಾವು ಬರುವ ಮುಂಚೆಯೇ ಆಯೋಗ ಮಾಡಿದ್ದು. ಹಳೆಯವರು ಹೇಳಿದ್ದು: ಈಗ ಜಾರಿ ಮಾಡಿದ್ದು ಇವರು.

ಆ ಆದೇಶದಲ್ಲಿ ನನಗೆ ಇಂದಿಗೂ ನುಂಗಲಾಗದ್ದು 70 ಪೈಸೆಯಲ್ಲ. ಮನೆಗಳಿಗೆ ಎರಡೇ ಹಂತ ಉಳಿಸಿ, 100 ಯೂನಿಟ್‌ವರೆಗೆ 4.75, ಅದನ್ನು ದಾಟಿದರೆ ಮೊದಲ ಯೂನಿಟ್ಟಿನಿಂದಲೇ 7 ರೂಪಾಯಿ ಎಂದು ಬರೆದದ್ದು. ನೂರು ಯೂನಿಟ್ಟಿಗೆ 475 ರೂಪಾಯಿ, ನೂರಾ ಒಂದಕ್ಕೆ 707. ಒಂದು ಯೂನಿಟ್ಟಿಗೆ 232 ರೂಪಾಯಿ! ಕಾಗದದ ಮೇಲೆ ಕೋಟಿಗಳನ್ನು ಕೂಡುವವರಿಗೆ ಇದು ಕಾಣಲಿಲ್ಲವೋ, ಕಂಡೂ ಬಿಟ್ಟರೋ. ಕೌಂಟರಿನಲ್ಲಿ ಒಂದು ವಾರ ಕೂತಿದ್ದವರು ಇಂಥ ಸಾಲು ಬರೆಯುವುದಿಲ್ಲ.

ಅಂದ ಹಾಗೆ, ಆ ಸಲ ಎಸ್ಕಾಂಗಳು ಕೇಳಿದ್ದು ಯೂನಿಟ್ಟಿಗೆ 1 ರೂಪಾಯಿ 39 ಪೈಸೆ. ಆಯೋಗ ಅರ್ಧದಷ್ಟು ಕೊಟ್ಟಿತು. ಜನರ ಪರ ನಿಂತಿತು ಎಂದು ಇದನ್ನೇ ಹೇಳಿಕೊಳ್ಳಬಹುದು. ಆದರೆ ಸೀರೆ ಅಂಗಡಿಯಲ್ಲಿ ಅರ್ಧಕ್ಕೆ ಕೇಳುತ್ತಾರೆಂದು ಗೊತ್ತಿದ್ದೇ ದುಪ್ಪಟ್ಟು ಹೇಳುವುದಿಲ್ಲವೇ? ಕೇಳುವವರೂ ಕೊಡುವವರೂ ಈ ಆಟ ಬಲ್ಲವರು. ಕೇಳಿದ್ದೆಷ್ಟು, ಕೊಟ್ಟಿದ್ದೆಷ್ಟು ಎನ್ನುವುದಕ್ಕಿಂತ ಯಾವ ಖರ್ಚನ್ನು ಯಾಕೆ ಒಪ್ಪಿದರು ಎನ್ನುವುದು ಮುಖ್ಯ. ಅದು ನೂರಾರು ಪುಟಗಳ ಇಂಗ್ಲಿಷ್ ಆದೇಶದೊಳಗೆ ಕೋಷ್ಟಕಗಳ ನಡುವೆ ಹೂತಿರುತ್ತದೆ.

2024ರ ಫೆಬ್ರವರಿ ಕೊನೆಯಲ್ಲಿ ಬಂದ ಆದೇಶವನ್ನು ಪತ್ರಿಕೆಗಳು "ದರ ಇಳಿಕೆ" ಎಂದು ಬರೆದವು. ನಿಜ, 7 ರೂಪಾಯಿ 5.90ಕ್ಕೆ ಇಳಿಯಿತು, ಹಂತಗಳೂ ಹೋದವು. ಆದರೆ 4.75 ಕೊಡುತ್ತಿದ್ದವರ ದರವೂ 5.90 ಆಯಿತಲ್ಲ! ಅವರಲ್ಲಿ ಬಹಳಷ್ಟು ಮಂದಿಗೆ ಗೃಹಜ್ಯೋತಿ ಇದ್ದದ್ದರಿಂದ ಯಾರೂ ಚಕಾರವೆತ್ತಲಿಲ್ಲ. ಊರಿನಲ್ಲಿ ಬೀಗ ಹಾಕಿಟ್ಟ ಹಳೇ ಮನೆ, ಒಂದೇ ಕಟ್ಟಡದ ಎರಡನೇ ಮೀಟರು, ಮಾಲೀಕ ಕಾಗದಪತ್ರ ಕೊಡದ್ದರಿಂದ ನೋಂದಣಿಯಾಗದ ಬಾಡಿಗೆದಾರ, ಇವರ ಬಿಲ್ಲು ಏರಿತು. ಉಳಿದವರ ಏರಿಕೆಯನ್ನು ಸರ್ಕಾರದ ಬೊಕ್ಕಸ ಕಟ್ಟಿತು. ಬೊಕ್ಕಸಕ್ಕೆ ತುಂಬುವವರು ಯಾರೆಂದು ಬಿಡಿಸಿ ಹೇಳಬೇಕೇ?

ಯೂನಿಟ್ ದರ ಇಳಿಸಿದ ಕಡೆ ಯಾರ ಕಣ್ಣಿಗೂ ಬೀಳದಂತೆ ಏರುತ್ತಿರುವುದು ನಿಗದಿತ ಶುಲ್ಕ. ಕಿಲೋವ್ಯಾಟಿಗೆ 2023ರಲ್ಲಿ 110, 2024ರಲ್ಲಿ 120, 2025ರಲ್ಲಿ 145. ಫ್ಯಾನು ಆರಿಸಿ, ಫ್ರಿಜ್ ಬಂದ್ ಮಾಡಿ, ಮನೆಗೆ ಬೀಗ ಹಾಕಿ ತವರಿಗೆ ಹೋದರೂ ಇದು ಒಂದು ಪೈಸೆ ಕಡಿಮೆಯಾಗುವುದಿಲ್ಲ. ಕಂಪನಿಗಳ ವಾದ ಸುಳ್ಳೇನಲ್ಲ. ಲೈನು, ಟ್ರಾನ್ಸ್‌ಫಾರ್ಮರ್ (ಟಿಸಿ), ಸಿಬ್ಬಂದಿ, ಕರೆಂಟ್ ತೆಗೆದುಕೊಳ್ಳಲಿ ಬಿಡಲಿ ಉತ್ಪಾದಕರಿಗೆ ಕಟ್ಟಲೇಬೇಕಾದ ಹಣ, ಇವೆಲ್ಲ ಇದ್ದೇ ಇರುವ ಖರ್ಚು. ಆದರೆ ಉಳಿತಾಯ ಮಾಡುವ ಮನೆಗೆ ಉಳಿತಾಯದ ಫಲ ಸಿಗದಂತೆ ಮಾಡಿ, ಇನ್ನೊಂದು ಕಡೆ ವಿದ್ಯುತ್ ಉಳಿಸಿ ಎಂದು ಬೋರ್ಡು ಹಾಕುವುದು ನ್ಯಾಯವಲ್ಲ. (ಕಟ್ಟಡ ಕಟ್ಟಿದವರು ಲಿಫ್ಟು, ಗೀಸರು ಎಂದು ಧಾರಾಳವಾಗಿ ಲೋಡು ಬರೆಸಿರುತ್ತಾರೆ. ನಿಮ್ಮ ಬಿಲ್ಲಿನಲ್ಲಿ ಮಂಜೂರಾದ ಲೋಡು ಎಷ್ಟಿದೆ ನೋಡಿ. ನಿಮಗೆ ಬೇಕಾದ್ದಕ್ಕಿಂತ ಹೆಚ್ಚಿದ್ದರೆ ಇಳಿಸಿಕೊಡಿ ಎಂದು ಅರ್ಜಿ ಹಾಕಬಹುದು. ಎಷ್ಟೋ ಜನರಿಗೆ ಇದು ಗೊತ್ತಿಲ್ಲ.)

ಇನ್ನು ನನ್ನ ಪಿಂಚಣಿ. ಇದರಲ್ಲಿ ನಾನು ಫಲಾನುಭವಿ, ಆದ್ದರಿಂದ ನೇರವಾಗಿ ಮಾತಾಡುತ್ತೇನೆ.

ಮಂಡಳಿಯನ್ನು ಒಡೆದು ಕಂಪನಿ ಮಾಡುವಾಗ ನಾವು ಹೆದರಿದ್ದೆವು. ಸರ್ಕಾರಿ ನೌಕರಿಯೆಂದು ಸೇರಿದವರು ನಾಳೆ ಯಾರ ಆಳು? ಆಗ ಸಿಕ್ಕ ಭರವಸೆ, ಪಿಂಚಣಿಗೆ ಧಕ್ಕೆಯಿಲ್ಲ ಎಂದು. ಪಿಂಚಣಿ ಟ್ರಸ್ಟ್ ಆಯಿತು, ಸರ್ಕಾರ ತನ್ನ ಪಾಲು ಕೊಡುತ್ತಾ ಬಂತು. ಆಮೇಲೆ ಇದ್ದಕ್ಕಿದ್ದಂತೆ, ಆ ಪಾಲನ್ನೂ ಗ್ರಾಹಕರಿಂದಲೇ ಪಡೆಯಿರಿ ಎಂದಿತು. ವಿಷಯ ಹೈಕೋರ್ಟಿನವರೆಗೂ ಹೋಯಿತು. ಕೊನೆಗೆ 2025ರ ಮಾರ್ಚಿನಲ್ಲಿ ಆಯೋಗ ಸರ್ಚಾರ್ಜಿಗೆ ಅಸ್ತು ಎಂದಿತು. ಏಪ್ರಿಲ್ 1ರ ಬೆಳಿಗ್ಗೆ ಹಾಲಿಗೆ ಲೀಟರಿಗೆ 4 ರೂಪಾಯಿ, ಕರೆಂಟಿಗೆ 36 ಪೈಸೆ ಒಟ್ಟಿಗೆ ಏರಿದವು.

ಇಲ್ಲಿ ಆಯೋಗದ ಕೈ ಕಟ್ಟಿತ್ತು ಎನ್ನುವವರಿದ್ದಾರೆ. ಇರಬಹುದು. ಆದರೂ ಕೇಳುತ್ತೇನೆ: ರಾಜಕೀಯದವರು ಕೊಟ್ಟ ಮಾತಿನ ಖರ್ಚನ್ನು ಅವರ ಬಜೆಟ್ಟಿನಿಂದ ತೆಗೆದು ಮನೆಮನೆಯ ಬಿಲ್ಲಿಗೆ ದಾಟಿಸುವಾಗ ಹೊಸ್ತಿಲಲ್ಲಿ ನಿಂತು ತಡೆಯುವುದಕ್ಕೇ ಅಲ್ಲವೇ ಆಯೋಗ ಎಂದು ಒಂದನ್ನು ಕಟ್ಟಿದ್ದು? ಕಂಪನಿ ತಪ್ಪು ಲೆಕ್ಕ ತಂದರೆ ಕತ್ತರಿ ಹಾಕುವ ಧೈರ್ಯ ಅದಕ್ಕಿದೆ. ಸರ್ಕಾರ ತಂದದ್ದಕ್ಕೆ ಕತ್ತರಿ ಮೊಂಡಾಗುತ್ತದೆ. ಬಡವರಿಗೆ, ರೈತರಿಗೆ ರಿಯಾಯಿತಿ ಕೊಡುವುದಾದರೆ ಸರ್ಕಾರ ಮುಂಗಡವಾಗಿ ಹಣ ಕಟ್ಟಬೇಕು ಎಂದು 2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಹೇಳುತ್ತದೆ. ಮುಂಗಡ ಬಂದದ್ದನ್ನು ನನ್ನ ಸರ್ವೀಸಿನಲ್ಲಿ ನಾನು ಕಾಣಲಿಲ್ಲ. ತಡವಾಗಿ ಬಂದಾಗ ಕಂಪನಿ ಸಾಲ ಮಾಡುತ್ತದೆ, ಸಾಲದ ಬಡ್ಡಿ ಕೊನೆಗೆ ಯಾರ ತಲೆಗೆ ಬರುತ್ತದೆ? ಪಂಚಾಯಿತಿಗಳ ಬೀದಿದೀಪ, ಕುಡಿಯುವ ನೀರಿನ ಬಾಕಿಯದ್ದೂ ಅದೇ ಹಣೆಬರಹ. ಮನೆಯವರು ಒಂದು ಬಿಲ್ಲು ಬಾಕಿ ಉಳಿಸಿದರೆ 15 ದಿನದ ನೋಟಿಸು, ಆಮೇಲೆ ಫ್ಯೂಸು ಕೈಗೆ.

ಪಂಪ್‌ಸೆಟ್ಟಿನ ವಿಷಯ ಇನ್ನೂ ಹಳೆಯದು. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಡುವುದನ್ನು ನಾನು ಆಕ್ಷೇಪಿಸುವುದಿಲ್ಲ, ನಮ್ಮ ತಾಲ್ಲೂಕಿನ ಅಡಿಕೆ, ಭತ್ತದವರ ಕಷ್ಟ ಕಂಡವಳು. ಆದರೆ ಎಷ್ಟು ಯೂನಿಟ್ ಹೋಯಿತೆಂದು ಮೀಟರು ಹೇಳುವುದಿಲ್ಲ, ಅಂದಾಜು ಹೇಳುತ್ತದೆ. ಆ ಅಂದಾಜಿನೊಳಗೆ ಕಳ್ಳತನ, ಸೋರಿಕೆ, ಅಸಡ್ಡೆ ಏನೆಲ್ಲ ಅಡಗಿಕೊಳ್ಳಬಹುದೆಂದು ಒಳಗಿದ್ದವರಿಗೆ ಗೊತ್ತು. ಮೀಟರ್ ಅಳವಡಿಸಿ ಎಂದು ಆಯೋಗ ಆದೇಶದ ಮೇಲೆ ಆದೇಶ ಬರೆಯುತ್ತಲೇ ಇದೆ. ಮಾತು ಕೇಳದ ಕಂಪನಿಗೆ ವಿದ್ಯುತ್ ಕಾಯ್ದೆಯ 142ನೇ ಕಲಮಿನಡಿ ಒಂದು ಲಕ್ಷದವರೆಗೆ ದಂಡ ಹಾಕುವ ಅಧಿಕಾರವೂ ಇದೆ. ಮನೆಗಳಿಗೆ ದರ ಏರಿಸಿದ ಆದೇಶ ಮರುದಿನವೇ ಜಾರಿಯಾಗುತ್ತದೆ, ಕಂಪನಿಗೆ ಕೊಟ್ಟ ಆದೇಶ ಮುಂದಿನ ವರ್ಷದ ಪುಸ್ತಕದಲ್ಲಿ ಮತ್ತೆ ಅಚ್ಚಾಗುತ್ತದೆ. ಆಯೋಗದ ಮೇಲೆ ನನ್ನ ದೊಡ್ಡ ದೂರು ಇದು.

ನಿವೃತ್ತಿಯಾದ ಮೇಲೆ ಕುತೂಹಲಕ್ಕೆ ಬೆಸ್ಕಾಂ ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಗೆ ಹೋಗಿದ್ದೆ. ಬೆಂಗಳೂರಿನ ವಸಂತನಗರದಲ್ಲಿ ಆಯೋಗದ ಕಚೇರಿ. ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್, ರಾತ್ರಿ ಬಸ್ಸು. ಎಫ್‌ಕೆಸಿಸಿಐ, ಕಾಸಿಯಾದಂಥ ಉದ್ಯಮ ಸಂಘಗಳ ಕಡೆಯವರು ಫೈಲು, ಗ್ರಾಫು, ವಕೀಲರ ಸಮೇತ ತಯಾರಾಗಿ ಬಂದಿದ್ದರು. ಕೈಗಾರಿಕೆಗೆ ಯಾಕೆ ಹೊರೆಯಾಗುತ್ತದೆ ಎಂದು ಪೈಸೆ ಪೈಸೆ ಬಿಡಿಸಿಟ್ಟರು. ರೈತ ಮುಖಂಡರು ಗಟ್ಟಿ ದನಿಯಲ್ಲಿ ಮಾತಾಡಿದರು, ಅವರ ಮಾತಿಗೆ ತೂಕವೂ ಇತ್ತು. ಹಿರಿಯರೊಬ್ಬರು ಎದ್ದುನಿಂತು, ತಮ್ಮ ಬೀದಿಯ ಟಿಸಿ ಸುಟ್ಟು ವಾರವಾಯಿತು, ಬದಲಾಯಿಸಿಲ್ಲ ಎಂದರು. ಅದು ಆ ದಿನದ ವಿಷಯವಲ್ಲ. ಆದರೂ ಪೀಠದವರು ಕೇಳಿಸಿಕೊಂಡು ಅಧಿಕಾರಿಗಳ ಕಡೆ ತಿರುಗಿ, ನೋಡಿ ಎಂದು ಹೇಳಿದರು. ಅಷ್ಟರಮಟ್ಟಿಗೆ ಸೌಜನ್ಯಕ್ಕೆ ಕೊರತೆಯಿರಲಿಲ್ಲ.

ಕೊರತೆ ಬೇರೆಯದು. ಮನೆಗಳ ಪರ ಅಂಕಿ ಹಿಡಿದು ಮಾತಾಡುವವರು ಅಲ್ಲಿ ಬೆರಳೆಣಿಕೆ. ಕೈಗಾರಿಕೆಗೆ ಸಂಘವಿದೆ, ರೈತರಿಗೆ ಸಂಘವಿದೆ, ನನ್ನಂಥ ಪಿಂಚಣಿದಾರರಿಗೂ ಸಂಘವಿದೆ. ಎದುರುಮನೆ ಮಹಡಿಯ ಬಾಡಿಗೆದಾರರಿಗೆ ಯಾವ ಸಂಘವೂ ಇಲ್ಲ. ವಿಚಾರಣೆಯಲ್ಲಿ ದನಿಯಿಲ್ಲದವರ ಮೇಲೆ ಹೊರೆ ಜಾರುವುದು ನೀರು ತಗ್ಗಿಗೆ ಹರಿದಷ್ಟೇ ಸಹಜ. ಬೆಸ್ಕಾಂ ವ್ಯಾಪ್ತಿಯಲ್ಲಿ ಎಂಟು ಜಿಲ್ಲೆಗಳಿವೆ. ಕೋಲಾರದವರು, ಚಿತ್ರದುರ್ಗದವರು, ನಾವು, ಎಲ್ಲರೂ ಒಂದು ದಿನದ ಕೂಲಿ ಬಿಟ್ಟು ಬೆಂಗಳೂರಿಗೆ ಬಂದು ಇಂಧನ ವೆಚ್ಚದ ಕೋಷ್ಟಕಗಳ ಮೇಲೆ ವಾದಿಸಬೇಕೇ? ನ್ಯಾಯಾಲಯಗಳೇ ಊರೂರಿಗೆ ಬಂದು ಲೋಕ ಅದಾಲತ್ ನಡೆಸುತ್ತವೆ. ಆಯೋಗ ಒಂದು ದಿನ ದಾವಣಗೆರೆಗೆ, ಒಂದು ದಿನ ತುಮಕೂರಿಗೆ ಬರಲು ಅಡ್ಡಿ ಏನು? ಆದೇಶದ ಜೊತೆ ಎರಡು ಪುಟದ ಕನ್ನಡ ಸಾರಾಂಶ ಕೊಡಲಿ: ಕಂಪನಿ ಕೇಳಿದ್ದೇನು, ನಾವು ಒಪ್ಪಿದ್ದೇನು, ಸರ್ಕಾರ ಬಾಕಿ ಉಳಿಸಿದ್ದೆಷ್ಟು, ಆ ಬಾಕಿಯಿಂದ ನಿಮ್ಮ ಬಿಲ್ಲಿಗೆ ಬಿದ್ದದ್ದೆಷ್ಟು. ಕೊನೆಯ ಸಾಲನ್ನು ದಪ್ಪಕ್ಷರದಲ್ಲಿ ಹಾಕಲಿ. ಆಗ ಸಿಟ್ಟು ತಾನಾಗಿಯೇ ಸರಿಯಾದ ಕೌಂಟರಿಗೆ ಹೋಗುತ್ತದೆ, ಆಯೋಗಕ್ಕೂ ಅರ್ಧ ಬೈಗುಳ ಕಡಿಮೆಯಾಗುತ್ತದೆ.

ಏರಿಕೆಯೆಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. ಬಿಲ್ಲಿನ ಬಹುಪಾಲು ಕರೆಂಟ್ ಖರೀದಿಗೇ ಹೋಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬದೆ ಹೋದಾಗ ಹೊರಗಿನಿಂದ ಕೊಳ್ಳಬೇಕಾಯಿತು. ಅಕ್ಟೋಬರಿನಲ್ಲಿ ರಾಜ್ಯದ ಖಾಸಗಿ ಉತ್ಪಾದಕರು ಹೊರಗೆ ಮಾರದಂತೆ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಬಳಸಬೇಕಾಯಿತು. ಅಂಥ ವರ್ಷದ ಖರ್ಚನ್ನು ಯಾರಾದರೂ ಕಟ್ಟಲೇಬೇಕು. ಜನ ಅಷ್ಟು ಅರ್ಥಮಾಡಿಕೊಳ್ಳದವರೇನಲ್ಲ. ಮಳೆಯ ಹೆಸರಿನಲ್ಲಿ ಮಾತು ಮುರಿದವರ ಖರ್ಚನ್ನೂ ಸೇರಿಸಿದಾಗ ಸಿಟ್ಟು ಬರುತ್ತದೆ.

ಸದ್ಯದ ದರ 2028ರ ಮಾರ್ಚ್‌ವರೆಗೆ ಮೂರು ವರ್ಷಕ್ಕೆ ಒಟ್ಟಿಗೆ ಬರೆದದ್ದು. ನಡುವೆ ವರ್ಷ ವರ್ಷ ಲೆಕ್ಕ ಪರಿಶೀಲನೆ ಇರುತ್ತದೆ. ಮುಂದಿನ ದೊಡ್ಡ ಅರ್ಜಿಯನ್ನು ಎಸ್ಕಾಂಗಳು 2027ರ ನವೆಂಬರ್ ಕೊನೆಯೊಳಗೆ ಸಲ್ಲಿಸಬೇಕು. ಅದರ ಸಾರಾಂಶ ಪತ್ರಿಕೆಗಳಲ್ಲಿ ಸಣ್ಣ ಅಕ್ಷರದ ಜಾಹೀರಾತಾಗಿ ಬರುತ್ತದೆ, ಸಾಮಾನ್ಯವಾಗಿ ಒಳಪುಟದಲ್ಲಿ. ಅದನ್ನು ಕತ್ತರಿಸಿ ಇಟ್ಟುಕೊಳ್ಳಿ. ಬಡಾವಣೆಯ ಸಂಘ, ಮಹಿಳಾ ಮಂಡಳಿ, ನಿವೃತ್ತ ನೌಕರರ ಕಟ್ಟೆ, ಯಾವುದಾದರೂ ಸರಿ, ಕೂತು ಓದಿ. ಬಿಲ್ಲು ಬಂದ ಮೇಲೆ ಜೂನಿನಲ್ಲಿ ಕೂಗಿದ್ದು ಯಾವ ಕಡತಕ್ಕೂ ಸೇರುವುದಿಲ್ಲ. ಜಾಹೀರಾತಿನಲ್ಲಿ ಹೇಳಿದ ಗಡುವಿನೊಳಗೆ ಕಳಿಸಿದ ಆಕ್ಷೇಪಣೆಯನ್ನು ಆಯೋಗ ಪರಿಗಣಿಸಲೇಬೇಕು, ಕಾನೂನೇ ಹಾಗೆ ಹೇಳುತ್ತದೆ. ನಿಗದಿತ ಶುಲ್ಕ ಯಾಕೆ ಏರಿತು, ಪಿಂಚಣಿಯ ಹೊರೆ ಸರ್ಕಾರಕ್ಕೆ ಯಾವಾಗ ವಾಪಸಾಗುತ್ತದೆ, ನಮ್ಮ ಜಿಲ್ಲೆಯಲ್ಲಿ ಯಾವತ್ತು ವಿಚಾರಣೆ ನಡೆಸುತ್ತೀರಿ ಎಂದು ಕೇಳಿ. ಒಂದು ಪುಟ ಸಾಕು, ಕನ್ನಡದಲ್ಲೇ ಬರೆಯಿರಿ, ಜೊತೆಗೆ ನಿಮ್ಮ ಮನೆಯ ಬಿಲ್ಲಿನ ಜೆರಾಕ್ಸ್ ಪ್ರತಿ ಲಗತ್ತಿಸಿ.